ಮಂಡಿಗೆ ಕೊಟ್ಟ ಹತ್ತು ಮಿಲಿಸೆಕೆಂಡು

ಕೃತಕ ಕಾಲು ತಯಾರಿಸುವ ಕಾರ್ಖಾನೆಯ ಹಿಂಬದಿಯ ಮೆಟ್ಟಿಲಲ್ಲಿ ಭಾವ ಹೊಸ ಕಾಲು ತೊಟ್ಟು ಪರೀಕ್ಷೆಗೆಂದು ಇಳಿಯುತ್ತಿದ್ದರು. ಕೆಳಗೆ ಲ್ಯಾಪ್‌ಟಾಪ್ ಹಿಡಿದು ಕೂತಿದ್ದವಳು ಅವರ ನಾದಿನಿ. ಆ ಕಾಲಿನ ಮಂಡಿಯೊಳಗಿನ ಚಿಪ್‌ಗೆ ಪ್ರೋಗ್ರಾಂ ಬರೆದವಳೂ ಅವಳೇ. ಮನೆಯಲ್ಲಿ ಅವಳಿಗೆ ಗಡಿಬಿಡಿ ಎಂದೇ ಹೆಸರು. ಆ ಹೆಸರಿಗೆ ಎಂದೂ ಕುಂದು ತಂದವಳಲ್ಲ.

ಹಿಂದೊಮ್ಮೆ ಹಳೆಯ ಕಾಲಿನಲ್ಲಿ ಮುಗ್ಗರಿಸಿ ಬಿದ್ದ ಭಾವ ಎಂಟು ತಿಂಗಳು ಹಾಸಿಗೆ ಬಿಟ್ಟು ಏಳದೆ ಅಕ್ಕನನ್ನು ಹೈರಾಣ ಮಾಡಿದ್ದರು. “ಇನ್ನೊಂದ್ಸಲ ಬಿದ್ರೆ ಕಾಲಿನ ಸಹವಾಸಾನೇ ಬೇಡ, ಅಟ್ಟಕ್ಕೆ ಹಾಕ್ತೀನಿ” ಎಂದು ಹೇಳಿಯೇ ಇವತ್ತು ಬಂದಿದ್ದರು. ಬೀಳದಂತೆ ಹಿಡಿಯುವ ಸೊಂಟದ ಪಟ್ಟಿಯನ್ನೂ ಬೇಡವೆಂದಿದ್ದರು. ಹಟದಲ್ಲಿ ಅವರನ್ನು ಮೀರಿಸುವವರಿಲ್ಲ.

ಮಂಡಿ ಎಷ್ಟು ಬಿಗಿಯಾಗಬೇಕೆಂದು ಚಿಪ್ ಹತ್ತು ಮಿಲಿಸೆಕೆಂಡಿಗೊಮ್ಮೆ ಲೆಕ್ಕ ಹಾಕಿ ಹೇಳಬೇಕು. ತಡವಾದರೆ ಮಂಡಿ ಮಡಚಿಕೊಂಡುಬಿಡುತ್ತದೆ. ಸಮನೆಲದಲ್ಲಿ ಲೆಕ್ಕ ಏಳರೊಳಗೆ ಮುಗಿದಿತ್ತು. ಮೆಟ್ಟಿಲಿನ ಲೆಕ್ಕ ದೊಡ್ಡದು. ಪರದೆಯಲ್ಲಿ ಈಗ ಒಂಬತ್ತು ಎಂದು ಬಂತು, ಆಮೇಲೆ ಒಂಬತ್ತೂವರೆ.

ಹೊಸ ಚಿಪ್‌ನಲ್ಲಿ ದಶಾಂಶದ ಲೆಕ್ಕಕ್ಕೆಂದೇ ಬೇರೆ ಭಾಗವಿದೆ, ಇಷ್ಟು ಲೆಕ್ಕಕ್ಕೆ ಒಂದು ಮಿಲಿಸೆಕೆಂಡೂ ಹಿಡಿಯಬಾರದು. ಪ್ರೋಗ್ರಾಮನ್ನು ಚಿಪ್‌ಗೆ ಅರ್ಥವಾಗುವಂತೆ ಕಂಪೈಲ್ ಮಾಡುವ ಸೂಚನೆಗಳ ಕಡತವನ್ನು ಅವಳು ತೆರೆದಳು. ಹಳೆಯ ಚಿಪ್‌ಗೆ ಆ ಭಾಗವಿರಲಿಲ್ಲ. ಪ್ರತಿಯೊಂದು ಗುಣಾಕಾರವನ್ನೂ ಪೂರ್ಣಾಂಕಗಳಾಗಿ ಬಿಡಿಸಿ ಪ್ರೋಗ್ರಾಮೇ ಮಾಡಬೇಕಿತ್ತು. ಹಾಗೆ ಮಾಡು ಎನ್ನುವ ಹಳೆಯ ಸಾಲನ್ನು ಅವಳು ಹೊಸ ಕಡತಕ್ಕೂ ನಕಲು ಮಾಡಿಬಿಟ್ಟಿದ್ದಳು. ಜೇಬಲ್ಲಿ ಕ್ಯಾಲ್ಕುಲೇಟರ್ ಇಟ್ಟುಕೊಂಡು ಬೆರಳು ಮಡಚಿ ಎಣಿಸಿದ ಹಾಗಾಗಿತ್ತು. ಉತ್ತರ ಸರಿಯಾಗಿಯೇ ಬರುತ್ತಿದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಸುಳ್ಳಲ್ಲ.

ಪರದೆಯಲ್ಲಿ ಹನ್ನೊಂದು ಎಂದು ಬಂತು. ಮೇಲೆ ಮಂಡಿ ಅದುರಿತು. ಭಾವ ಕಂಬಿಯನ್ನು ಬಿಗಿಯಾಗಿ ಹಿಡಿದರು. ಕೂಗಿದರೆ ಗಾಬರಿಬಿದ್ದು ಭಾರವನ್ನು ಆ ಕಾಲಿನ ಮೇಲೇ ಬಿಡುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಕಾಫಿ ಬೇಕಾ ಎಂದು ಕೇಳುವ ದನಿಯಲ್ಲಿ ಹೇಳಿದಳು.

“ಭಾವ, ಅಲ್ಲೇ ನಿಂತ್ಕೊಳ್ಳಿ. ಭಾರ ಪೂರ್ತಿ ನಿಮ್ಮ ಸ್ವಂತ ಕಾಲಿಗೆ ಹಾಕಿ. ಹಾಗೇ ಮೆಲ್ಲಗೆ ಮೆಟ್ಟಿಲ ಮೇಲೆ ಕೂತ್ಕೊಳ್ಳಿ.”

ಭಾವ ಕೂತರು.

“ಕಾಲು ಕೆಟ್ಟೋಯ್ತಾ?”

ಹೌದು ಎಂದಿದ್ದರೆ ಯಾರೂ ಮರುಪ್ರಶ್ನೆ ಕೇಳುತ್ತಿರಲಿಲ್ಲ.

“ಕಾಲು ಚೆನ್ನಾಗೇ ಇದೆ. ತಪ್ಪು ನಂದು. ಹಳೇ ಸಾಲೊಂದನ್ನ ತೆಗೀದೇ ಬಿಟ್ಟಿದ್ದೆ. ಇನ್ನೊಂದು ಹೆಜ್ಜೆ ಇಟ್ಟಿದ್ರೆ ಬಿದ್ದುಬಿಡ್ತಿದ್ರಿ.”

ಅವಳು ಮೆಟ್ಟಿಲು ಹತ್ತಿ ಭಾವನ ಪಕ್ಕದಲ್ಲೇ ಕೂತು ಸಾಲು ಬದಲಿಸಿದಳು. ಪ್ರೋಗ್ರಾಮನ್ನು ಮೊದಲಿನಿಂದ ಕಂಪೈಲ್ ಮಾಡಿ ಮಂಡಿಗೆ ತುಂಬಿದಳು. ಮೂರು ಸಲ ಪರೀಕ್ಷಿಸಿದಳು. ಮೂರು ಸಲವೂ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಬಂತು.

ಭಾವ ಕಂಬಿ ಹಿಡಿದು ಎದ್ದರು. ಅವಳು ಎರಡು ಮೆಟ್ಟಿಲು ಕೆಳಗಿಳಿದು ಎರಡೂ ಕೈ ಚಾಚಿ ನಿಂತಳು.

“ಲೆಕ್ಕ ಸರಿಯಾಯ್ತು ಅಂದ್ಯಲ್ಲ?”

“ಆಯ್ತು ಭಾವ.”

“ಮತ್ತೆ ಕೈ ಯಾಕೆ ಚಾಚಿದ್ದೀಯ? ನೀನೇ ನಂಬ್ದಿದ್ರೆ ನಾನು ಹೇಗೆ ಹೆಜ್ಜೆ ಇಡ್ಲಿ?”

ಅವಳಿಗೆ ಅಳು ಬಂತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಭಾವ ಕಂಬಿ ಬಿಟ್ಟು, ಪೂರ್ತಿ ಭಾರವನ್ನು ಆ ಮಂಡಿಯ ಮೇಲೆ ಹಾಕಿದರು.