ಮೂವತ್ತೆರಡು ಮನೆಗಳ ಮೌನ

ಮೇ ಹನ್ನೊಂದರ ಸಂಜೆ ಆರು ಗಂಟೆಗೆ ಸಭಾಂಗಣದಲ್ಲಿ ಇನ್ನೂರ ಹದಿನಾರು ಕುರ್ಚಿಗಳಿದ್ದವು. ಅವುಗಳಲ್ಲಿ ನೂರ ತೊಂಬತ್ತೊಂದು ತುಂಬಿದ್ದವು. ಚಾವಣಿಯಲ್ಲಿ ಆರು ಫ್ಯಾನುಗಳಿದ್ದವು, ಒಂದೂ ತಿರುಗುತ್ತಿರಲಿಲ್ಲ. ತಿರುಗಿದರೆ ವೇದಿಕೆಯ ಮೇಲಿನ ಹಾಳೆಗಳು ಹಾರುತ್ತಿದ್ದವು. ಆದ್ದರಿಂದ ಜನ ಕಾರ್ಯಕ್ರಮದ ಪಟ್ಟಿಯನ್ನೇ ಮಡಿಸಿ ಗಾಳಿ ಬೀಸಿಕೊಳ್ಳುತ್ತಿದ್ದರು.

ಅದೊಂದು ಶಾಲೆ. ಬೇಸಿಗೆಯ ರಜೆಯಲ್ಲಿ ಇಪ್ಪತ್ತೊಂದು ದಿನ ಅದನ್ನು ಸಂಗೀತೋತ್ಸವಕ್ಕೆ ಬಿಟ್ಟುಕೊಡುತ್ತಿದ್ದರು. ತರಗತಿಗಳಲ್ಲಿ ಅಭ್ಯಾಸ, ಸಭಾಂಗಣದಲ್ಲಿ ಕಛೇರಿ. ಅಂದು ವೇದಿಕೆಯ ಮೇಲಿದ್ದವರು ನಾಲ್ವರು. ನಾಲ್ವರ ವಯಸ್ಸನ್ನೂ ಕೂಡಿಸಿದರೆ ಎಪ್ಪತ್ತೆಂಟು. ಅವರಿಗೆ ಕಲಿಸಿದ ಮೇಷ್ಟ್ರೊಬ್ಬರಿಗೇ ಎಪ್ಪತ್ತೊಂದು.

ಎಡತುದಿಯಲ್ಲಿ ಮೊದಲ ಪಿಟೀಲಿನವನು, ಗುಂಪಿನ ಮುಂದಾಳು. ಅವನನ್ನು ಎಲ್ಲರೂ ದೊರೆ ಎಂದೇ ಕರೆಯುತ್ತಿದ್ದರು; ಅವನಿಗೂ ಅದು ಒಗ್ಗಿತ್ತು. ಅವನ ಪಕ್ಕದಲ್ಲಿ ಎರಡನೆಯ ಪಿಟೀಲು, ಅವನ ಒಡಹುಟ್ಟಿದ ತಂಗಿ. ಅವಳಾಚೆ ದೊಡ್ಡ ಪಿಟೀಲಿನಂಥ ಚೆಲ್ಲೋವನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡ ದಪ್ಪಣ್ಣ. ಬಲತುದಿಯಲ್ಲಿ, ದೊರೆಗೆ ನೇರ ಎದುರಾಗಿ, ವಯೋಲಾದ ಹುಡುಗಿ. ವಯೋಲಾ ಎಂದರೆ ಪಿಟೀಲಿನ ಅಕ್ಕ: ಮೈ ಸ್ವಲ್ಪ ದೊಡ್ಡದು, ದನಿ ಸ್ವಲ್ಪ ತಗ್ಗು, ಮೆಚ್ಚುವವರು ಕಡಿಮೆ. ಹುಡುಗಿಗೆ ಲೆಕ್ಕಮ್ಮ ಎಂದು ಹೆಸರಿಟ್ಟವನು ದಪ್ಪಣ್ಣ. ಅವಳು ಮೆಟ್ಟಿಲು ಹತ್ತುವಾಗಲೂ ಎಣಿಸುತ್ತಾಳೆ ಎಂಬುದು ಅವನ ದೂರು. ಅದು ನಿಜವೂ ಆಗಿತ್ತು. ಅವಳ ಅಪ್ಪ ನೆಲಕ್ಕೆ ಟೈಲ್ಸ್ ಹಾಕುವವನು. ಕೋಣೆಗೆ ಕಾಲಿಟ್ಟೊಡನೆ ಉದ್ದಕ್ಕೆಷ್ಟು, ಅಡ್ಡಕ್ಕೆಷ್ಟು ಎಂದು ಎಣಿಸಿ, ಬಾಗಿಲ ಬಳಿ ತುಂಡು ಬಾರದಂತೆ ಮೊದಲ ಕಲ್ಲು ಕೂರಿಸುವುದು ಅವನ ಪದ್ಧತಿ. ಮಗಳಿಗೆ ಬಂದದ್ದು ಆ ಆಸ್ತಿಯೊಂದೇ.

ಅಂದಿನ ಸಂಜೆಯ ಮೇಲೆ ಅವಳ ಇಡೀ ಬೇಸಿಗೆ ನಿಂತಿತ್ತು. ಉತ್ಸವದ ಕೊನೆಯ ದಿನ ಹಿರಿಯ ಕಲಾವಿದರು ನಾಲ್ವರು, ಐದು ವಾದ್ಯಗಳ ಒಂದು ಕೃತಿಯನ್ನು ನುಡಿಸುವವರಿದ್ದರು. ಐದನೆಯದು ವಯೋಲಾ. ಆ ಕುರ್ಚಿಗೆ ಕಿರಿಯರಲ್ಲಿ ಒಬ್ಬರನ್ನು ಮೇಷ್ಟ್ರು ಆರಿಸಬೇಕಿತ್ತು. ಉತ್ಸವದಲ್ಲಿ ವಯೋಲಾ ನುಡಿಸುವ ಕಿರಿಯರು ಇಬ್ಬರೇ: ಇವಳು, ಇನ್ನೊಂದು ಗುಂಪಿನ ಲಂಬು. ಲಂಬು ಹಿಂದಿನ ಸಂಜೆಯೇ ನುಡಿಸಿ, ತಪ್ಪಿಲ್ಲದೆ ಇಳಿದಿದ್ದ. ಹೊಳಪೂ ಇಲ್ಲದೆ ಇಳಿದ ಎಂದು ಮೇಷ್ಟ್ರೇ ಹೇಳಿದರೆಂದು ಸುದ್ದಿ. ಹೀಗಾಗಿ ಬಾಗಿಲು ಇನ್ನೂ ಅರ್ಧ ತೆರೆದಿತ್ತು.

ಅಂದು ಈ ನಾಲ್ವರು ನುಡಿಸುವ ಕೃತಿಯ ನಡುವಿನ ನಿಧಾನದ ಭಾಗದಲ್ಲಿ ವಯೋಲಾಕ್ಕೆ ಮೂವತ್ತೆರಡು ಮನೆಗಳ ಮೌನವಿತ್ತು. ಹಾಳೆಯಲ್ಲಿ ಅಡ್ಡಗೆರೆ ಎಳೆದು ಕಟ್ಟಿದ ಒಂದೊಂದು ಅಳತೆಯೂ ಒಂದು ಮನೆ. ಮನೆಗೆ ಮೂರು ಏಟು. ಒಟ್ಟು ತೊಂಬತ್ತಾರು ಏಟು, ಅಂದರೆ ಸರಿಯಾಗಿ ಎರಡು ನಿಮಿಷ. ಅಷ್ಟು ಹೊತ್ತು ವಾದ್ಯವನ್ನು ತೊಡೆಯ ಮೇಲಿಟ್ಟು, 'ಒಂದು-ಎರಡು-ಮೂರು, ಎರಡು-ಎರಡು-ಮೂರು, ಮೂರು-ಎರಡು-ಮೂರು' ಎಂದು ಒಳಗೊಳಗೇ ಎಣಿಸಿ, ಮೂವತ್ತಮೂರನೆಯ ಮನೆಯ ಮೊದಲ ಏಟಿಗೆ ಒಂಟಿಯಾಗಿ ಒಳಬರಬೇಕು. ಕೃತಿಯಲ್ಲಿ ವಯೋಲಾ ತನ್ನ ದನಿ ಎತ್ತುವುದು ಆ ಒಂದೇ ಕಡೆ.

ಕಷ್ಟವಿದ್ದದ್ದು ಆ ಹೊತ್ತಿಗೆ ದೊರೆ ಪಿಟೀಲಿನಲ್ಲಿ ನುಡಿಸುವ ಹಾಡಿನಲ್ಲಿ. ಅದರಲ್ಲಿ ಒಂದು ತಿರುವು ಎರಡು ಸಲ ಬರುತ್ತದೆ: ಇಪ್ಪತ್ತೆಂಟನೆಯ ಮನೆಯಲ್ಲೊಮ್ಮೆ, ಮೂವತ್ತೆರಡನೆಯದರಲ್ಲೊಮ್ಮೆ. ಎರಡೂ ಅವಳಿಜವಳಿ.

ಮೇ ಏಳರ ಅಭ್ಯಾಸದಲ್ಲಿ ಇದರ ಮೇಲೇ ಜಗಳವಾಗಿತ್ತು. ದೊರೆ ಎರಡನೆಯ ತಿರುವನ್ನು ಮನಸ್ಸಿಗೆ ಬಂದಷ್ಟು ಎಳೆದ. ಅವಳು ಎಣಿಕೆಯ ಪ್ರಕಾರ ಒಳಬಂದಳು. ಎರಡೂ ಡಿಕ್ಕಿ ಹೊಡೆದವು.

"ಒಳಗೆ ಬಾ ಅಂತ ನಾನಿನ್ನೂ ತಲೆ ಆಡಿಸಿರ್ಲಿಲ್ಲ," ಎಂದ ದೊರೆ.

"ಮೂವತ್ತೆರಡು ಮುಗೀತು. ನಿನ್ನ ತಲೆ ಆಡೋವರೆಗೂ ಕೂತಿದ್ರೆ ಬೆಳಗಾಗತ್ತೆ."

"ಸಂಗೀತ ಅಂದ್ರೆ ಮಗ್ಗಿ ಅಲ್ಲ ಕಣೇ."

"ಮಗ್ಗಿ ಬರದೇ ಇರೋರು ಹೇಳೋ ಮಾತು ಅದು."

ದಪ್ಪಣ್ಣ ನಕ್ಕ. ತಂಗಿ ನಗಲಿಲ್ಲ. ಸದ್ದು ಕೇಳಿ ಮೇಷ್ಟ್ರು ಬಂದರು, ನಿಂತೇ ತೀರ್ಪು ಕೊಟ್ಟರು: "ನೋಡಮ್ಮ, ಮುಂದಾಳು ತಲೆ ಆಡಿಸಿದಾಗ ನಿನ್ನ ಬಿಲ್ಲು ತಂತಿ ಮೇಲಿರಬೇಕು. ಅವನು ತಪ್ಪಿದ್ರೆ ನೀನೂ ಜೊತೆಗೆ ತಪ್ಪು, ಪರವಾಗಿಲ್ಲ. ನಾಲ್ಕು ಜನರಲ್ಲಿ ಒಬ್ಬಳೇ ಸರಿಯಿದ್ದು ಏನು ಮಾಡ್ತೀಯ?"

ಸಂಗೀತದವರು 'ಇಲ್ಲಿ ಎದುರಿನವರನ್ನು ನೋಡು' ಎಂಬುದಕ್ಕೆ ಹಾಳೆಯ ಮೇಲೆ ಪುಟ್ಟ ಕನ್ನಡಕದ ಚಿತ್ರ ಬರೆದುಕೊಳ್ಳುತ್ತಾರೆ. ಮೇಷ್ಟ್ರು ಹೊರಟ ಮೇಲೆ ದೊರೆ ಎದ್ದು ಬಂದು, ಅವಳ ಹಾಳೆಯಲ್ಲಿ ಆ ಮೂವತ್ತೆರಡು ಮನೆಗಳ ನೆತ್ತಿಯ ಮೇಲೆ, ತನ್ನ ಪೆನ್ಸಿಲಿನಿಂದ ಕನ್ನಡಕವೊಂದನ್ನು ಬರೆದ. ಸ್ವಲ್ಪ ದೊಡ್ಡದಾಗಿಯೇ ಬರೆದ.

ಇನ್ನೊಂದು ನಿಯಮವೂ ಇತ್ತು. ಅದನ್ನು ಮೇಷ್ಟ್ರು ಮೊದಲ ದಿನವೇ ಎಲ್ಲ ಗುಂಪುಗಳಿಗೂ ಹೇಳಿದ್ದರು. ವೇದಿಕೆಯ ಮೇಲಿನ ತಪ್ಪಿಗೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಕೂಡದು; ತಮ್ಮ ಹತ್ತಿರವೂ ದೂರು ತರಕೂಡದು. ತಪ್ಪು ಮಾಡಿದವರು ತಾವೇ ಹೇಳಿಕೊಳ್ಳಬೇಕು, ಇಲ್ಲವೆ ಎಲ್ಲರೂ ಸುಮ್ಮನಿರಬೇಕು. ಎರಡು ವರ್ಷದ ಹಿಂದೆ ಚಾಡಿಯಿಂದಲೇ ಎರಡು ಗುಂಪು ಒಡೆದಿದ್ದವಂತೆ.

ಹನ್ನೊಂದರ ಸಂಜೆ ಮೊದಲ ಭಾಗ ಚೆನ್ನಾಗಿ ಮುಗಿಯಿತು. ನಿಧಾನದ ಭಾಗ ಶುರುವಾಯಿತು. ಅವಳು ವಯೋಲಾವನ್ನು ತೊಡೆಗಿಳಿಸಿ ಎಣಿಸತೊಡಗಿದಳು. ಕುತ್ತಿಗೆಯಿಂದ ಬೆವರು ಬೆನ್ನಿಗಿಳಿಯುತ್ತಿತ್ತು. ಹತ್ತು. ಹದಿನೈದು. ಇಪ್ಪತ್ತು. ಇಪ್ಪತ್ತೈದಕ್ಕೆ ವಾದ್ಯವನ್ನು ಗಲ್ಲದಡಿಗೆ ತಂದು ದೊರೆಯ ಮುಖ ನೋಡಿದಳು. ಇಪ್ಪತ್ತಾರು. ಇಪ್ಪತ್ತೇಳು. ಇಪ್ಪತ್ತೆಂಟು. ಮೊದಲ ತಿರುವು ಬಂತು. ಅದರ ಕೊನೆಯ ಏಟಿಗೆ ದೊರೆ ಕಣ್ಣೆತ್ತಿ, ಹುಬ್ಬೇರಿಸಿ, ಅವಳತ್ತ ಸ್ಪಷ್ಟವಾಗಿ ತಲೆಯಾಡಿಸಿದ.

ಅವಳಿಗೆ ಗೊತ್ತಿತ್ತು. ಇನ್ನೂ ನಾಲ್ಕು ಮನೆ, ಹನ್ನೆರಡು ಏಟು, ಹದಿನೈದು ಸೆಕೆಂಡು ಬಾಕಿ. ಅತ್ತ ದರಿ, ಇತ್ತ ಪುಲಿ. ಬಿಲ್ಲು ತಂತಿಯ ಮೇಲಿತ್ತು, ಕಣ್ಣಮುಂದೆ ಕನ್ನಡಕವಿತ್ತು. ಅವಳು ಒಳಬಂದಳು.

ಮೂರು ಸ್ವರ. ಮೂರೂ ಚೆನ್ನಾಗಿ ತುಂಬಿ ಬಂದವು, ಅದೇ ಕೇಡಾಯಿತು. ಕೊನೆಯ ಸಾಲಿನ ಕಿವುಡನಿಗೂ ಕೇಳುವಂತೆ ಅವು ಉಳಿದ ಮೂವರಿಗೆ ಅಡ್ಡ ನಿಂತವು. ದೊರೆಯ ಬೆರಳು ತಪ್ಪಿರಲಿಲ್ಲ. ಅವನ ಹಾಡು ಹಾಳೆಯಲ್ಲಿದ್ದಂತೆಯೇ ನಡೆದಿತ್ತು. ಅವಳು ಬಿಲ್ಲೆತ್ತಿದಳು, ಮೂರು ಮನೆ ಕಾದಳು, ಮೂವತ್ತಮೂರಕ್ಕೆ ಮತ್ತೆ ಒಳಬಂದಳು. ಆ ಹೊತ್ತಿಗೆ ದೊರೆ ಇನ್ನೊಮ್ಮೆ ತಲೆಯಾಡಿಸಿದ್ದ. ಎರಡನೆಯ ಸಲದ ಪ್ರವೇಶ ಎಷ್ಟು ಸರಿಯಿತ್ತೆಂದರೆ, ಮೊದಲನೆಯದು ತಪ್ಪೆಂಬುದು ಗೊತ್ತಾಗದವರಿಗೂ ಗೊತ್ತಾಯಿತು. ಮೇಷ್ಟ್ರು ಎಡಗಡೆಯ ಬಾಗಿಲ ಬಳಿ ಕುಳಿತಿದ್ದರು. ಅಲ್ಲಿಂದ ಅವರಿಗೆ ದೊರೆಯ ಬೆನ್ನು ಕಾಣುತ್ತಿತ್ತು, ವಯೋಲಾದವಳ ಮುಖ ಕಾಣುತ್ತಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಮೂರನೆಯ ತರಗತಿಯ ಕೊಠಡಿಗೆ ಮೇಷ್ಟ್ರು ಬಂದರು. ನಾಲ್ವರೂ ಮಕ್ಕಳ ಗಿಡ್ಡ ಬೆಂಚುಗಳ ಮೇಲೆ ಮೊಣಕಾಲು ಎತ್ತಿಕೊಂಡು ಕುಳಿತಿದ್ದರು.

"ಏನಮ್ಮ, ನಾಲ್ಕು ಮನೆ ಮೊದಲೇ ಬಂದ್ಯಲ್ಲ?"

"ಬಂದೆ, ಸರ್."

"ಎಣಿಕೆ ತಪ್ಪಿತಾ?"

"ಇಲ್ಲ, ಸರ್."

"ತಪ್ಪದೇ ಹೇಗೆ ಬಂದೆ ಮತ್ತೆ?"

ಅವಳು ದೊರೆಯನ್ನು ನೋಡಿದಳು. ಅವನು ಬಿಲ್ಲಿನ ತಿರುಪು ಸಡಿಲಿಸುತ್ತಿದ್ದ. ನಾಲ್ಕು ಸುತ್ತು ಸಾಕು; ಅವನು ಆಗಲೇ ಒಂಬತ್ತು ತಿರುಗಿಸಿದ್ದ.

ಮೇಷ್ಟ್ರು ಅವನತ್ತ ತಿರುಗಿದರು. "ನೀನು ತಲೆ ಆಡಿಸಿದ್ಯಾ?"

"ಮೂವತ್ತೆರಡಕ್ಕೆ ಆಡಿಸಿದೆ, ಸರ್," ಎಂದ ದೊರೆ.

ಅದು ಸುಳ್ಳಲ್ಲ. ಮೂವತ್ತೆರಡಕ್ಕೂ ಆಡಿಸಿದ್ದ. ಅವನ ತಂಗಿ ಕರಿಹಲಗೆಯ ಮೇಲೆ ಯಾರೋ ಅಳಿಸದೆ ಬಿಟ್ಟ ಭಾಗಾಕಾರವನ್ನು ಓದುತ್ತಿದ್ದಳು. ದಪ್ಪಣ್ಣನ ಕಣ್ಣು ಆ ಹೊತ್ತಿನಲ್ಲಿ ತನ್ನ ಹಾಳೆಯ ಮೇಲಿತ್ತು. ಅವನು ಕಂಡಿರಲಿಲ್ಲ, ಆದರೆ ಈಗ ಮೂವರ ಮುಖವನ್ನೂ ಸರದಿಯಂತೆ ನೋಡುತ್ತಿದ್ದ.

"ಹೂಂ," ಎಂದರು ಮೇಷ್ಟ್ರು. "ಸುಸ್ತಾಗಿರಬೇಕು. ಸೆಕೆ ಬೇರೆ." ಹೊರಟುಹೋದರು. ಬೈದಿದ್ದರೆ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಎಂದ ದಪ್ಪಣ್ಣ, ಯಾರಿಗೂ ಅಲ್ಲವೆಂಬಂತೆ.

"ನಾಳೆ ನಾನೇ ಹೇಳ್ತೀನಿ," ಎಂದ ದೊರೆ. "ಈಗ ಅವರ ಮೂಡ್ ಸರಿಯಿಲ್ಲ. ಬೆಳಿಗ್ಗೆ ಹೋಗಿ ಹೇಳ್ತೀನಿ, ಆಯ್ತಾ?"

"ಪಟ್ಟಿ ಬೆಳಿಗ್ಗೆ ಒಂಬತ್ತಕ್ಕೆ ಹಾಕ್ತಾರೆ," ಎಂದಳು ಅವಳು.

"ಅದಕ್ಕೆ ಮುಂಚೆ ಹೇಳ್ತೀನಮ್ಮಾ, ಪ್ರಾಣ ತಿನ್ಬೇಡ."

ಹೊರಗೆ ಅಪ್ಪ ಕಾಯುತ್ತಿದ್ದ. ಕೆಲಸದಿಂದ ನೇರ ಬಂದಿದ್ದ. ಉಗುರಿನ ಸಂದಿಯಲ್ಲಿ ಇನ್ನೂ ಬಿಳಿ ಸಿಮೆಂಟಿತ್ತು. ಅವನಿಗೆ ಸಿಕ್ಕಿದ್ದು ಬಲಗಡೆಯ ಗೋಡೆಯ ಪಕ್ಕದ ಕುರ್ಚಿ. ತಿಂಗಳಿಂದ ಮನೆಯಲ್ಲಿ ಮಗಳು ಬಾಯಿಬಿಟ್ಟು ಎಣಿಸುವುದನ್ನು ಕೇಳಿ ಕೇಳಿ ಅವನಿಗೆ ಆ ಮೂವತ್ತೆರಡು ಕಂಠಪಾಠವಾಗಿತ್ತು. ಇಂದು ಅವನೂ ಬೆರಳಿನ ಗೆಣ್ಣು ಹಿಡಿದು ಎಣಿಸಿದ್ದ.

"ಇಪ್ಪತ್ತೆಂಟಕ್ಕೇ ಬಂದ್ಯಲ್ಲ ಮಗಳೇ."

"ಹೂಂ, ಅಪ್ಪ."

"ಆ ಹುಡುಗ ತಲೆ ಆಡಿಸಿದ. ನಾನೇ ಕಂಡೆ, ಅವನ ಮುಖ ನನ್ನ ಕಡೆಗೇ ಇತ್ತು. ಕೋಲೆಬಸವನ ಹಾಗೆ ಆಡಿಸಿದ."

ಅವಳಿಗೆ ಆಗ ಅಳು ಬಂತು. ನೂರ ತೊಂಬತ್ತೊಂದು ಜನರಲ್ಲಿ ಒಬ್ಬನಿಗೆ ಲೆಕ್ಕ ಸಿಕ್ಕಿತ್ತು, ಆ ಒಬ್ಬನ ಸಾಕ್ಷಿ ಯಾವ ಕೆಲಸಕ್ಕೂ ಬರುವಂತಿರಲಿಲ್ಲ.

"ನಡಿ, ನಿಮ್ಮ ಮೇಷ್ಟ್ರಿಗೆ ಹೇಳ್ತೀನಿ."

"ಬೇಡಪ್ಪ. ನಾನು ಹೇಳೋ ಹಾಗಿಲ್ಲ, ನೀನಂತೂ ಮೊದಲೇ ಹೇಳೋ ಹಾಗಿಲ್ಲ. ಅವನೇ ಹೇಳ್ಬೇಕು. ಬೆಳಿಗ್ಗೆ ಹೇಳ್ತಾನಂತೆ."

ಅಪ್ಪ ವಯೋಲಾದ ಪೆಟ್ಟಿಗೆಯನ್ನು ತನ್ನ ಹೆಗಲಿಗೇರಿಸಿಕೊಂಡ. ಬಸ್ ನಿಲ್ದಾಣದವರೆಗೆ ನಡೆದರು. ಅಲ್ಲಿ ಹೇಳಿದ: "ಒಂದ್ಸಲ ಮೇಸ್ತ್ರಿ ಕಲ್ಲಿನ ಸಾಲಿಗೆ ದಾರ ತಪ್ಪು ಕಟ್ಟಿದ್ದ. ತಪ್ಪು ಅಂತ ಗೊತ್ತಿದ್ದೂ ಅವನ ದಾರದ ಮೇಲೇ ಹಾಕಿದೆ, ದೊಡ್ಡೋನು ಅಂತ. ಕಿತ್ತು ಮತ್ತೆ ಹಾಕಿದ್ದು ಯಾರು ಹೇಳು? ಮೇಸ್ತ್ರಿ ಅಲ್ಲ." ಆಮೇಲೆ ಕೇಳಿದ: "ಬೆಳಿಗ್ಗೆ ಅಂದ್ರೆ ಎಷ್ಟು ಗಂಟೆಗಂತೆ?"

ಮರುದಿನ ಅವಳು ಎಂಟೂಕಾಲಕ್ಕೇ ಶಾಲೆಯ ಗೇಟಿನ ಬಳಿ ನಿಂತಿದ್ದಳು. ಎಂಟೂವರೆಗೆ ಮೇಷ್ಟ್ರು ಒಳಗೆ ಹೋದರು; ಅವಳ ನಮಸ್ಕಾರಕ್ಕೆ ತಲೆ ಬಾಗಿಸಿದರು. ಎಂಟು ಮುಕ್ಕಾಲಿಗೆ ಲಂಬು ಬಂದ. ಒಂಬತ್ತಕ್ಕೆ ಕಾರ್ಯದರ್ಶಿ ಸೂಚನಾಫಲಕಕ್ಕೆ ಹಾಳೆ ಚುಚ್ಚಿದರು. ನಾಲ್ಕು ಪಿನ್ನು ಬೇಕಿತ್ತು, ಮೂರಿದ್ದವು. ಕೆಳಗಿನ ಮೂಲೆ ಮಡಿಚಿಕೊಂಡಿತು. ಅದನ್ನು ಬಿಡಿಸಿ ನೋಡಿದಳು. ಐದನೆಯ ಹೆಸರು ಲಂಬುವಿನದು.

ಹತ್ತೂ ಇಪ್ಪತ್ತಕ್ಕೆ ದೊರೆ ಬಂದ. ಎರಡು ಕೈಯಲ್ಲೂ ಚಹಾದ ಕಾಗದದ ಲೋಟ. ಒಂದನ್ನು ಅವಳ ಮುಂದೆ ಚಾಚಿದ.

"ಹಾಕೇಬಿಟ್ರಾ? ಛೆ. ಅಲಾರಂ ಹೊಡೀಲಿಲ್ಲ ಕಣೇ." ಹಾಳೆಯನ್ನು ಓದಿದ. "ಈಗ ಹೇಳಿದ್ರೂ ಏನು ಬದಲಾಗತ್ತೆ ಹೇಳು. ಪಾಪ, ಲಂಬುಗೂ ಬೇಜಾರು. ನನಗೂ ಸುಮ್ಮನೆ ಕೆಟ್ಟ ಹೆಸರು. ಮುಂದಿನ ವರ್ಷ ನಿನಗೇ ಸಿಗತ್ತೆ ಬಿಡು."

"ಪಟ್ಟಿ ಬದಲಾಗೋದು ಬೇಡ," ಎಂದಳು. "ಎಣಿಕೆ ತಪ್ಪಿದ್ದು ನನ್ನದಲ್ಲ ಅಂತ ಅವರಿಗೆ ಗೊತ್ತಾಗ್ಬೇಕು. ಅಷ್ಟೇ."

"ಹೇಳ್ತೀನಿ ಅಂದ್ನಲ್ಲ. ಸಮಯ ನೋಡಿ ಹೇಳ್ತೀನಿ."

ಚಹಾವನ್ನು ಅವಳು ತೆಗೆದುಕೊಳ್ಳಲಿಲ್ಲ. ಎರಡನ್ನೂ ಅವನೇ ಕುಡಿದ.

ಅದೇ ಕೃತಿಯನ್ನು ಹದಿನೈದನೆಯ ತಾರೀಖು ಆಸ್ಪತ್ರೆಯೊಂದರ ಅಂಗಳದಲ್ಲಿ ಇನ್ನೊಮ್ಮೆ ನುಡಿಸುವುದಿತ್ತು. ಹದಿಮೂರರಂದು ಅಭ್ಯಾಸಕ್ಕೆ ಕುಳಿತಾಗ ಅವಳು ಚೀಲದಿಂದ ರಬ್ಬರು ತೆಗೆದು, ಹಾಳೆಯ ಮೇಲಿನ ಕನ್ನಡಕವನ್ನು ಉಜ್ಜತೊಡಗಿದಳು. ಗಟ್ಟಿಯಾಗಿ ಒತ್ತಿ ಬರೆದಿದ್ದ, ಬೇಗ ಹೋಗಲಿಲ್ಲ.

"ಅದ್ಯಾಕೆ ಅಳಿಸ್ತಿದ್ದೀಯ?" ಎಂದ ದೊರೆ.

"ನಾನು ಎಣಿಸ್ಕೋತೀನಿ."

"ಮೇಷ್ಟ್ರು ಏನು ಹೇಳಿದ್ರು ನೆನಪಿದ್ಯಾ? ತಲೆ ಆಡಿಸಿದಾಗ—"

"ಮೇಷ್ಟ್ರಿಗೆ ನೀನು ಹೇಳೋದೂ ಒಂದು ಮಾತಿದೆ. ಅದನ್ನ ಹೇಳಿದ ದಿನ ಇಲ್ಲಿ ಕನ್ನಡಕ ನಾನೇ ಬರೀತೀನಿ. ಬೇಕಿದ್ರೆ ಎರಡು ಬರೀತೀನಿ."

"ಅಣ್ಣಾ, ಹೇಳಿಬಿಡೋ," ಎಂದಳು ತಂಗಿ. ಮೂರು ದಿನದಲ್ಲಿ ಅವಳು ಆ ವಿಷಯಕ್ಕೆ ಆಡಿದ ಮೊದಲ ಮಾತು ಅದು. ದೊರೆ ಅವಳನ್ನು ದಿಟ್ಟಿಸಿದ. ಅವಳು ತಲೆ ತಗ್ಗಿಸಿ ತಂತಿ ಶ್ರುತಿ ಮಾಡಿಕೊಂಡಳು. ದಪ್ಪಣ್ಣ ತನ್ನ ಕುರ್ಚಿಯನ್ನು ಗೇಣುದ್ದ ಬಲಕ್ಕೆ, ವಯೋಲಾದ ಕಡೆಗೆ, ಸರಿಸಿಕೊಂಡ. ಚೆಲ್ಲೋದ ಬುಡದ ಕಬ್ಬಿಣದ ಮೊನೆ ಊರಲು ನೆಲದಲ್ಲಿ ಹೊಸ ತೂತು ಬಿತ್ತು.

ನುಡಿಸಿದರು. ಮೂವತ್ತೆರಡಕ್ಕೆ ದೊರೆ ಸರಿಯಾಗಿ ತಲೆಯಾಡಿಸಿದ. ಅವಳು ಕಣ್ಣು ಹಾಳೆಯ ಮೇಲಿಟ್ಟೇ ಒಳಬಂದಳು. ಹದಿನೈದರಂದೂ ಹಾಗೆಯೇ.

ಪಟ್ಟಿ ಬಿದ್ದ ದಿನದಿಂದ ಉತ್ಸವ ಮುಗಿಯಲು ಒಂಬತ್ತು ದಿನಗಳಿದ್ದವು. ಪ್ರತಿ ಸಂಜೆ ಅಪ್ಪ ಒಂದೇ ಪ್ರಶ್ನೆ ಕೇಳುತ್ತಿದ್ದ: "ಹೇಳಿದ್ನಾ?" ಏಳನೆಯ ದಿನದಿಂದ ಕೇಳುವುದನ್ನು ಬಿಟ್ಟು, ಬಾಗಿಲು ತೆಗೆದು ಬರೀ ಮುಖ ನೋಡುತ್ತಿದ್ದ. ಕೊನೆಯ ದಿನ ಹಿರಿಯರ ನಡುವೆ ಲಂಬು ಕುಳಿತು ನುಡಿಸಿದ. ಅದರಲ್ಲೂ ವಯೋಲಾಕ್ಕೆ ಹತ್ತೊಂಬತ್ತು ಮನೆಗಳ ಮೌನವಿತ್ತು. ಅವಳು ಎಂಟನೆಯ ಸಾಲಿನಲ್ಲಿ ಕುಳಿತು ಎಣಿಸಿದಳು. ಲಂಬು ಸರಿಯಾಗಿಯೇ ಬಂದ.

ಜನ ಕರಗಿದ ಮೇಲೆ ದೊರೆ ಮೇಷ್ಟ್ರ ಜೊತೆ ಮೆಟ್ಟಿಲಿಳಿಯುವುದು ಕಂಡಿತು. ಅವರ ಚೀಲವನ್ನು ಅವನು ಹಿಡಿದಿದ್ದ. ಇಬ್ಬರೂ ಯಾವುದಕ್ಕೋ ನಗುತ್ತಿದ್ದರು. ಅವಳು, ಹೇಳಿದರೆ ಕನ್ನಡಕ ಬರೆಯಲೆಂದು, ಪೆನ್ಸಿಲನ್ನು ಕೈಯಲ್ಲಿ ಹಿಡಿದುಕೊಂಡೇ ಗೇಟಿನ ಬಳಿ ನಿಂತಳು. ಹನ್ನೆರಡು ಮೆಟ್ಟಿಲು, ಆಮೇಲೆ ಕಾರಿನವರೆಗೆ ನಲವತ್ತು ಹೆಜ್ಜೆ. ದೊರೆ ಚೀಲವನ್ನು ಹಿಂದಿನ ಸೀಟಿನಲ್ಲಿಟ್ಟು, ಕಾಲಿಗೆ ನಮಸ್ಕರಿಸಿ, ಬಾಗಿಲು ಹಾಕಿದ. ಕಾರು ಅವಳ ಪಕ್ಕದಲ್ಲೇ ಹಾದುಹೋಗುವಾಗ ಮೇಷ್ಟ್ರು ಕಿಟಕಿ ಇಳಿಸಿದರು.

"ಎಣಿಕೆ ಗಟ್ಟಿ ಮಾಡ್ಕೋಮ್ಮ," ಎಂದರು. "ಕೈ ಚೆನ್ನಾಗಿದೆ."

ಅವಳು ಹೂಂ ಎಂದಳು. ಪೆನ್ಸಿಲನ್ನು ಪೆಟ್ಟಿಗೆಗೆ ಹಾಕಿ ಚಿಲಕ ಒತ್ತಿದಳು. ಹಾಳೆಯಲ್ಲಿ ಮೂವತ್ತೆರಡು ಮನೆಗಳ ಮೇಲಿನ ಜಾಗ ಖಾಲಿಯಾಗಿಯೇ ಇತ್ತು. ರಬ್ಬರು ಉಜ್ಜಿದ ಕಡೆ ಕಾಗದ ಮಾತ್ರ ಸ್ವಲ್ಪ ತೆಳುವಾಗಿತ್ತು.