ಚಕ್ರ ತಿರುಗಿಸುವ ಕೈ

ಅಕ್ಕ ತನ್ನ ಪ್ರಾರ್ಥನಾ ಕೂಟದ ಹಿರಿಯ ಹೆಂಗಸೊಬ್ಬರನ್ನು ಅಮ್ಮನ ಬಳಿ ಪ್ರಾರ್ಥಿಸಲೆಂದು ವಾರ್ಡಿನ ಬಾಗಿಲವರೆಗೂ ಕರೆದುಕೊಂಡು ಬಂದುಬಿಟ್ಟಿದ್ದಳು. ಒಳಗೆ ಅಮ್ಮ ಗಂಟಲಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದಳು. ಶ್ವಾಸಕೋಶ ಕೈಕೊಟ್ಟ ಮೇಲೆ ಮಾತೂ ಇರಲಿಲ್ಲ. ಕಿರಿಯವಳು ಬಾಗಿಲಿಗೆ ಅಡ್ಡ ನಿಂತಳು.

“ಅಮ್ಮ ಇದನ್ನೆಲ್ಲ ಬಿಟ್ಟು ಎಷ್ಟೋ ಕಾಲ ಆಯ್ತು. ಬೇಡ ಅನ್ನೋಕೂ ಆಗದೆ ಮಲಗಿರೋಳ ಮೇಲೆ ಹೇರೋದು ತಪ್ಪು.”

“ಬಿಟ್ಟೆ ಅಂತ ನಿನ್ನ ಹತ್ರ ಹೇಳಿದ್ಲಾ?”

“ಹೇಳ್ಬೇಕಾ? ಮಂದಿರದ ಮೆಟ್ಟಿಲು ಹತ್ತಿದ್ದನ್ನ ನೀನು ಈಚೆಗೆ ನೋಡಿದ್ದೀಯಾ?”

“ಸರಿ ಕಣೇ ಪಂಡಿತೆ. ನಿಮ್ಮ ಕಾಲೇಜಲ್ಲಿ ದೇವರಿಗೆ ನಿವೃತ್ತಿ ಕೊಟ್ಟಾಗಿದೆ. ಪಿಂಚಣಿನಾದ್ರೂ ಕೊಡ್ತಿದ್ದೀರೋ ಇಲ್ಲವೋ.”

ಹಿರಿಯಾಕೆ ನಕ್ಕು, “ಇರಲಿ ಬಿಡಮ್ಮ, ಮನೆಯಿಂದಲೇ ಬೇಡ್ಕೋತೀನಿ” ಎಂದು ಹಿಂದಿರುಗಿದರು. ಅವರನ್ನು ಕಳಿಸಲು ಹೋದ ಅಕ್ಕ ಮೆಟ್ಟಿಲ ಬಳಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಕಿರಿಯವಳು ನೋಡಿದಳು. ನೋಡಿಯೂ ಜಾಗ ಬಿಟ್ಟು ಕದಲಲಿಲ್ಲ.

ಅವಳಿಗೆ ತಾನು ಹೇಳಿದ್ದು ಸರಿ ಎಂಬ ಬಗ್ಗೆ ಅನುಮಾನವಿರಲಿಲ್ಲ. ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುವವಳು ಅವಳು. ಆಧುನಿಕ ಬದುಕಿನಲ್ಲಿ ಧರ್ಮ ಕರಗುತ್ತಿದೆಯೋ, ರೂಪ ಬದಲಿಸುತ್ತಿದೆಯೋ ಎಂಬುದು ಅವರ ವಿಭಾಗದಲ್ಲಿ ಚಹಾದ ಜೊತೆಗೆ ದಿನವೂ ನಡೆಯುವ ವಾದ. ಅವಳು ಕರಗುತ್ತಿದೆ ಎನ್ನುವವರ ಕಡೆ. ತರಗತಿಯಲ್ಲಿ ಹೆಸರು ಹೇಳದೆ ಅಮ್ಮನನ್ನೇ ಉದಾಹರಣೆ ಕೊಡುತ್ತಿದ್ದಳು: ಒಬ್ಬ ದರ್ಜಿ ಹೆಂಗಸು, ವಾರವಾರ ಮಂದಿರಕ್ಕೆ ಹೋಗುತ್ತಿದ್ದವಳು; ಗಂಡ ಸತ್ತು ಕೆಲಸ ಮೈಮೇಲೆ ಬಿದ್ದಾಗ ಹೋಗುವುದು ಅಪರೂಪವಾಯಿತು, ಆಮೇಲೆ ನಿಂತೇಹೋಯಿತು. ಜಗಳವಿಲ್ಲ, ಸದ್ದಿಲ್ಲ, ನಂಬಿಕೆ ಮನೆಯಿಂದ ಹೋಗುವುದು ಹೀಗೆ. ಪಕ್ಕದ ಮೇಜಿನ ಸಹೋದ್ಯೋಗಿ ಮಾತ್ರ ಪ್ರತಿಸಲ ಕೆಣಕುತ್ತಿದ್ದರು. “ಮನೆ ಖಾಲಿ ಮಾಡಿತು ಅಂತೀರಿ ಮೇಡಂ. ಬೇರೆ ಬಾಡಿಗೆ ಮನೆ ಹಿಡಿದಿದೆಯೋ ಏನೋ, ವಿಚಾರಿಸಿದ್ರಾ?” ಅವಳು ಲೋಟ ತೊಳೆಯಲು ಏಳುತ್ತಿದ್ದಳು.

ಆ ಮಧ್ಯಾಹ್ನ ಅಮ್ಮನ ಬಲಗೈ ಅಲುಗಾಡತೊಡಗಿತು. ಹೊದಿಕೆಯ ಮೇಲೆ ಕೈ ಮುಂದಕ್ಕೆ ಚಾಚಿ, ಬೆರಳುಗಳನ್ನು ಬಾಗಿಸಿ, ಏನನ್ನೋ ಹಿಡಿದು ತನ್ನ ಕಡೆಗೆ ತಿರುಗಿಸಿದಂತೆ. ಕಿರಿಯವಳಿಗೆ ಕೂಡಲೇ ಗುರುತು ಹತ್ತಿತು. ಹೊಲಿಗೆ ಮಿಷನ್ನಿನ ಬಲಗಡೆಯ ಚಕ್ರ. ಹೊಸ ಬಟ್ಟೆ ಸೂಜಿಯ ಕೆಳಗಿಟ್ಟಾಗ ಅಮ್ಮ ಒಮ್ಮೆಗೇ ಕಾಲಿನಿಂದ ತುಳಿಯುತ್ತಿರಲಿಲ್ಲ. ಮೊದಲ ಕೆಲವು ಹೊಲಿಗೆಗಳನ್ನು ಚಕ್ರವನ್ನು ಕೈಯಿಂದಲೇ ತಿರುಗಿಸಿ ಹಾಕುತ್ತಿದ್ದಳು. ಆ ಹೊತ್ತಿನಲ್ಲಿ ಕರೆದರೆ ಓಗೊಡುತ್ತಿರಲಿಲ್ಲ. ಹಸಿವು ಎಂದರೂ, ಬಿದ್ದೆ ಎಂದರೂ ಅಷ್ಟೇ. ದಾರ ಸಿಕ್ಕಾಗದಿರಲಿ ಎಂಬ ಎಚ್ಚರ ಎಂದು ಅವಳು ಚಿಕ್ಕಂದಿನಲ್ಲೇ ಅರ್ಥಮಾಡಿಕೊಂಡಿದ್ದಳು. ದಾರದ ಮೇಲೆ ಹೊಟ್ಟೆಕಿಚ್ಚನ್ನೂ ಪಟ್ಟಿದ್ದಳು.

“ಕೈ ಹಿಡ್ಕೊಳ್ಳಿ ಮೇಡಂ,” ಎಂದಳು ನರ್ಸ್. “ಡ್ರಿಪ್ ಸೂಜಿ ಕಿತ್ತುಬಂದ್ರೆ ಮತ್ತೆ ನರ ಸಿಗೋದು ಕಷ್ಟ.”

ಕಿರಿಯವಳು ಹಿಡಿದುಕೊಂಡಳು. “ಸಾಕಮ್ಮ, ಹೊಲಿದಿದ್ದು ಸಾಕು. ಸ್ವಲ್ಪ ಸುಮ್ನಿರು.” ಕೈ ಸುಮ್ಮನಾಯಿತು. ಬಿಟ್ಟ ತಕ್ಷಣ ಮತ್ತೆ ಮುಂದಕ್ಕೆ ಚಾಚಿತು. ನಿಂತ ಕಡೆಯಿಂದ ಮುಂದುವರಿಯಲಿಲ್ಲ. ಮೊದಲಿನಿಂದ, ಅಷ್ಟೇ ನಿಧಾನವಾಗಿ. ಅವಳು ಮತ್ತೆ ಹಿಡಿದಳು. ಅಮ್ಮ ಕಣ್ಣು ತೆರೆದು ಅವಳನ್ನೇ ನೋಡಿದಳು. ಆ ನೋಟ ಏನನ್ನೋ ಕೇಳುತ್ತಿತ್ತು. ನೀರು ಬೇಕೇನೋ ಎಂದು ಒದ್ದೆ ಹತ್ತಿಯಿಂದ ತುಟಿ ಒರೆಸಿದಳು. ನೀರಲ್ಲ. ಕೈ ಮತ್ತೆ ಹೊರಟಿತು. ಕೊನೆಗೆ ಅವಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಎರಡೂ ಕೈಯಿಂದ ಆ ಕೈಯನ್ನು ಅದುಮಿ ಹಿಡಿದು ಕೂತಳು. ಸ್ವಲ್ಪ ಹೊತ್ತು ಎಳೆದಾಡಿತು. ಆಮೇಲೆ ಬಿಟ್ಟುಕೊಟ್ಟಿತು.

ಸಂಜೆ ಅಕ್ಕ ಫೋನ್ ಮಾಡಿದಳು. “ಅಮ್ಮ ಏನಾದ್ರೂ ಸನ್ನೆ ಮಾಡಿದ್ಲಾ?”

“ಇಲ್ಲ. ಸುಮ್ನೆ ಮಲಗಿದ್ದಾಳೆ.”

ಮರುದಿನ ಬೆಳಗಾಗುವಷ್ಟರಲ್ಲಿ ಅಮ್ಮ ಹೋಗಿಬಿಟ್ಟಿದ್ದಳು.

ಎಲ್ಲ ಮುಗಿದು, ಬಂದವರೆಲ್ಲ ಹೋದ ಮೇಲೆ ಅಕ್ಕತಂಗಿಯರಿಬ್ಬರೇ ಅಮ್ಮನ ಕೋಣೆಯಲ್ಲಿ ಉಳಿದರು. ಕಿಟಕಿಯ ಪಕ್ಕ ಮಿಷನ್ನು, ಅದರ ಮೇಲೆ ಬಸ್ ಕಂಡಕ್ಟರನೊಬ್ಬ ಹೊಲಿಯಲು ಕೊಟ್ಟಿದ್ದ ಅಂಗಿ, ಅರ್ಧಕ್ಕೇ ನಿಂತದ್ದು. ಕಾಲರು ಕೂತಿತ್ತು, ತೋಳುಗಳನ್ನು ಬೇರೆಯಾಗಿ ಮಡಚಿಡಲಾಗಿತ್ತು. ಪಾಪ, ಆ ಮನುಷ್ಯ ಸಾವಿನ ಮನೆಗೆ ಬಂದವನು ಅಂಗಿಯ ಕಡೆ ನೋಡದಿರಲು ಪಟ್ಟ ಪಾಡು ಇಬ್ಬರ ಕಣ್ಣಿಗೂ ಬಿದ್ದಿತ್ತು.

“ಮುಗಿಸಿ ಕೊಟ್ಟುಬಿಡ್ತೀನಿ,” ಎಂದು ಅಕ್ಕ ಸ್ಟೂಲಿನ ಮೇಲೆ ಕೂತಳು. “ಇಲ್ಲಾಂದ್ರೆ ತೋಳಿಲ್ಲದ ಅಂಗಿಯಲ್ಲೇ ಟಿಕೆಟ್ ಹರೀತಾನೆ.”

ಇಬ್ಬರೂ ಸ್ವಲ್ಪ ನಕ್ಕರು. ಅಕ್ಕ ತೋಳನ್ನು ಹೆಗಲಿಗೆ ಹೊಂದಿಸಿ ಸೂಜಿಯ ಕೆಳಗಿಟ್ಟಳು. ಕಾಲು ನೆಲದ ಮೇಲೇ ಇತ್ತು. ಬಲಗೈ ಚಾಚಿ ಚಕ್ರವನ್ನು ತನ್ನ ಕಡೆಗೆ ತಿರುಗಿಸಿದಳು. ತುಟಿ ಮೆಲ್ಲಗೆ ಆಡುತ್ತಿತ್ತು.

“ಅಕ್ಕಾ, ಏನು ಹೇಳ್ತಿದ್ದೀಯ?”

ಅಕ್ಕ ಓಗೊಡಲಿಲ್ಲ. ಚಕ್ರ ಬಿಟ್ಟ ಮೇಲೆ ತಿರುಗಿದಳು. “ಮಧ್ಯೆ ಮಾತಾಡಿಸ್ಬಾರ್ದು ಕಣೇ. ಮಾತಾಡಿದ್ರೆ ಬಿಚ್ಚಿ ಮೊದಲಿಂದ ಶುರು ಮಾಡ್ಬೇಕು. ಅಮ್ಮನ ಕ್ರಮ.”

“ದಾರ ಸಿಕ್ಕಾಗುತ್ತೆ ಅಂತ ತಾನೆ?”

“ದಾರಕ್ಕೇನು. ತೊಟ್ಟುಕೊಳ್ಳೋರ ಹೆಸರು ಹೇಳಿ, ಕಾಪಾಡಪ್ಪಾ ಅಂತ ಬೇಡ್ಕೊಳ್ಳೋದು. ನಾನು ಹೊಲಿಯೋಕೆ ಕೂತ ದಿನ ಹೇಳಿಕೊಟ್ಟಳು. ನಿಂಗೆ ಹೇಳಿರ್ಲಿಲ್ವಾ?” ಅಕ್ಕನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. “ಮಂದಿರಕ್ಕೆ ಹೋಗೋ ಹೊತ್ತಲ್ಲಿ ಒಂದು ಅಂಗಿ ಮುಗಿಯುತ್ತೆ, ಅವನಿಗೆ ಇಲ್ಲೂ ಕೇಳ್ಸುತ್ತೆ ಅಂತಿದ್ಲು. ನೀನು ಮಿಷನ್ ಹತ್ರ ಬರ್ತಿರ್ಲಿಲ್ಲ ಬಿಡು. ಪುಸ್ತಕ ಹಿಡ್ಕೊಂಡು ಆ ಮೂಲೇಲಿ ಕೂತಿರ್ತಿದ್ದೆ.”

ಕಿರಿಯವಳು ಆ ಮೂಲೆಯನ್ನು ನೋಡಿದಳು. ಅಲ್ಲಿಂದ ಅಮ್ಮನ ಬೆನ್ನು ಕಾಣುತ್ತಿತ್ತು, ಬಲಗೈ ಕಾಣುತ್ತಿತ್ತು. ತುಟಿ ಕಾಣುತ್ತಿರಲಿಲ್ಲ.

ಹೇಳದೆ ಇರಬಹುದಿತ್ತು. ಅಕ್ಕ ಈಗ ಕೇಳಿರಲಿಲ್ಲ, ಆ ಸಂಜೆ ಫೋನಿನಲ್ಲಿ ಕೇಳಿದಾಗ ಉತ್ತರ ಕೊಟ್ಟಾಗಿತ್ತು. ಆದರೆ ಆ ಕೈಯ ಎಳೆದಾಟ ಅವಳ ಅಂಗೈಯಲ್ಲಿ ಇನ್ನೂ ಹಾಗೇ ಇತ್ತು.

“ಅಮ್ಮ ಸನ್ನೆ ಮಾಡಿದ್ಲು,” ಎಂದಳು. “ಆ ದಿನ ಮಧ್ಯಾಹ್ನವೆಲ್ಲ. ಹೀಗೆ, ಚಕ್ರ ತಿರುಗಿಸೋ ಹಾಗೆ. ಡ್ರಿಪ್ ಕಿತ್ತುಬರುತ್ತೆ ಅಂದ್ರು, ನಾನು ಹಿಡಿದು ನಿಲ್ಲಿಸಿದೆ. ಬಿಟ್ಟಾಗಲೆಲ್ಲ ಮತ್ತೆ ಮೊದಲಿಂದ ಶುರು ಮಾಡ್ತಿದ್ಲು ಅಕ್ಕಾ. ಕೊನೆಗೆ ನಾನು ಬಿಡಲೇ ಇಲ್ಲ.”

ಅಕ್ಕ ಮಿಷನ್ನಿನ ಹಲಗೆಯ ಮೇಲೆ ಬಿದ್ದ ದಾರದ ತುಂಡುಗಳನ್ನು ಬೆರಳಿನಿಂದ ಒಟ್ಟುಮಾಡುತ್ತ ಕೂತಳು. ಬೈದಿದ್ದರೆ ಚೆನ್ನಾಗಿತ್ತು. ಪಂಡಿತೆ ಎಂದಿದ್ದರೂ ಸಾಕಿತ್ತು.

“ಯಾರ ಹೆಸರು ಹಿಡಿದಿದ್ಲೋ,” ಎಂದಳು ಕೊನೆಗೆ. ಅದು ತಂಗಿಗೆ ಹೇಳಿದ ಮಾತೂ ಆಗಿರಲಿಲ್ಲ.

ಆಮೇಲೆ ಎರಡನೇ ತೋಳು ಎತ್ತಿಕೊಂಡಳು. ಹೊಂದಿಸಿದಳು. ಚಕ್ರದ ಮೇಲೆ ಕೈ ಇಟ್ಟಳು, ತುಟಿ ತೆರೆದಳು, ಸ್ವರ ಹೊರಡಲಿಲ್ಲ. ಮತ್ತೆ ಮೊದಲಿನಿಂದ ಪ್ರಯತ್ನಿಸಿದಳು. ಕಿರಿಯವಳು ತನ್ನ ಹಳೆಯ ಮೂಲೆಗೆ ಸರಿದು, ಎರಡು ಕೈಗಳನ್ನೂ ಮಡಿಲಲ್ಲಿ ಒತ್ತಿ ಹಿಡಿದುಕೊಂಡು, ಉಸಿರಿನ ಸದ್ದೂ ಆಗದಂತೆ ಕೂತಿದ್ದಳು.