ಕುತ್ತಿಗೆ ಹಿಡಿಯುವ ಪಾಠ

"ಕುತ್ತಿಗೆ ಬಿಗಿ ಹಿಡೀಬೇಡ ಕಣಮ್ಮ. ತಲೆ ಪೂರ್ತಿ ನನ್ನ ಕೈಗೆ ಕೊಡು," ಎಂದು ಫಿಸಿಯೋ ಮೇಡಂ ಮತ್ತೆ ಹೇಳಿದರು. ಮಂಚದ ಮೇಲೆ ಅಂಗಾತ ಮಲಗಿದ್ದ ಹುಡುಗಿ ಕೊಟ್ಟೆ ಎಂದುಕೊಂಡೇ ಇದ್ದಳು; ಕುತ್ತಿಗೆ ಮಾತ್ರ ಕಬ್ಬಿಣದ ಸಲಾಕೆಯಾಗಿತ್ತು. ಇಪ್ಪತ್ತೆರಡು ವರ್ಷದವಳಿಗೆ ಇಂಥ ಕುತ್ತಿಗೆಯೇ?

"ಬಟ್ಟೆ ಫ್ಯಾಕ್ಟರೀಲಿ ಬಗ್ಗಿ ಬಗ್ಗಿ ಹೊಲೀತಾಳಲ್ಲ, ಅದಕ್ಕೇ," ಎಂದ ಪಕ್ಕದಲ್ಲಿ ನಿಂತಿದ್ದ ಅಣ್ಣ. ಟೈರ್ ಅಂಗಡಿಯವನು, ರಟ್ಟೆ ನೋಡಿದರೇ ಗೊತ್ತಾಗುತ್ತಿತ್ತು. "ಏಯ್, ಮೇಡಂ ಹೇಳಿದ್ದು ಕೇಳಿಸಲ್ವೇನೇ?"

ಹೊಲಿಗೆಯಂತೆ, ಹೊಲಿಗೆ! ಮೊನ್ನೆ ಫೋನಿನಲ್ಲಿ ಯಾರೊಂದಿಗೋ ನಕ್ಕಳೆಂದು ಜಡೆ ಹಿಡಿದು ಅಡುಗೆಮನೆಯಿಂದ ಬೀದಿಬಾಗಿಲಿನವರೆಗೆ ಎಳೆದವನು ಇವನೇ. ತಾಯಿ, "ಮೆಲ್ಲಗೆ ಕಣೋ, ಅಕ್ಕಪಕ್ಕದವರಿಗೆ ಕೇಳಿಸುತ್ತೆ," ಎಂದಿದ್ದಳು. ಅಷ್ಟೇ.

ಮೇಡಂಗೆ ಇದೆಲ್ಲ ಗೊತ್ತಿರಲಿಲ್ಲ. ಮನೆಯವರಿಗೂ ಹಿಡಿಯುವುದನ್ನು ಕಲಿಸಿ ಕಳಿಸುವುದು ಅವರ ಪದ್ಧತಿ. ಕುರಿ ಕಾಯಲು ತೋಳವನ್ನು ನೇಮಿಸುತ್ತಿದ್ದೇನೆಂದು ಅವರಿಗೆ ಹೇಗೆ ಹೊಳೆಯಬೇಕು? "ದಿನಾ ಮನೇಲಿ ನೀವೇ ಮಾಡ್ಬೇಕಪ್ಪ. ಮೊದಲು ನೀವು ಮಲಗಿ, ಹಿಡಿತ ಹೇಗಿರಬೇಕು ಅಂತ ಗೊತ್ತಾಗ್ಲಿ," ಎಂದರು. ಹುಡುಗಿ ಎದ್ದು ಪಕ್ಕಕ್ಕೆ ನಿಂತಳು, ಅವನು ನಗುತ್ತ ಮಲಗಿದ. ಮೇಡಂ ಅವನ ತಲೆಯನ್ನು ಎರಡೂ ಅಂಗೈಯಲ್ಲಿಟ್ಟು ಮೆಲ್ಲಗೆ ಜಗ್ಗಿದರು. ಹುಡುಗಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅದನ್ನು ಕಲಿಯುವ ಆಸೆಯೆಂದೇ ತಿಳಿದು, "ಬಾ, ನೀನೂ ಹಿಡಿದು ನೋಡು," ಎಂದುಬಿಟ್ಟರು ಪುಣ್ಯಾತ್ಗಿತ್ತಿ.

ಅವಳು ಹಿಡಿದಳು. ತಲೆ ಭಾರವಾಗಿತ್ತು, ಬೆಚ್ಚಗಿತ್ತು.

"ಆಹಾ! ಇವಳಿಗೇ ಕಲಿಸಿ ಮೇಡಂ, ಮನೇಲಿ ನನಗೆ ಮಾಡ್ಲಿ," ಎಂದ ಅವನು ಕಣ್ಣು ಮುಚ್ಚಿಕೊಂಡು. "ಹೇಗೂ ನಾಳೆಯಿಂದ ಕೆಲಸಕ್ಕೆ ಕಳಿಸಲ್ಲ. ಮನೇಲೇ ಬಿದ್ದಿರ್ತಾಳೆ."

ಅವಳ ಬೆರಳುಗಳು ಅವನ ಕೂದಲೊಳಗೆ ಹೊಕ್ಕವು. ಹಿಡಿದು ಎತ್ತಿ ಮಂಚದ ಕಬ್ಬಿಣದ ಅಂಚಿಗೆ ಬಡಿದಳು. ಮತ್ತೆ ಬಡಿದಳು. "ಹೇಗಿದೆ? ಹೇಗಿದೆ ಅಣ್ಣಾ?"

ಬೊಬ್ಬೆ ಹಾಕಿ ಎದ್ದವನೇ ಅವಳ ಕೆನ್ನೆಗೆ ಬಿಗಿದ. ಗೋಡೆಗೆ ಬಡಿದು ಬಿದ್ದವಳ ಹೊಟ್ಟೆಗೆ ಒದ್ದ. ಜಡೆಯನ್ನು ಮುಂಗೈಗೆ ಸುತ್ತಿಕೊಂಡ, ಎಷ್ಟು ಸರಾಗವಾಗಿ! ಆ ಕೈಚಳಕ ಕಂಡಾಗಲೇ ಮೇಡಂಗೆ ಕುತ್ತಿಗೆಯ ಕಥೆಯೆಲ್ಲ ತಿಳಿದದ್ದು. ಸ್ಟೂಲೆತ್ತಿ ಅವನ ಮೊಣಕೈಗೆ ಬೀಸಿದರು. ಜಡೆ ಬಿಟ್ಟು ತಿರುಗಿದವನ ಎದೆಗೆ ಸ್ಟೂಲನ್ನೇ ಒತ್ತಿ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಹೊರದಬ್ಬಿ ಚಿಲಕ ಜಡಿದರು.

ಬಾಗಿಲು ಅದುರತೊಡಗಿತು. "ಹೊರಗೆ ಬಾರೇ! ಕತ್ತು ಮುರೀತೀನಿ!"

"ಹೆದರಬೇಡ, ಪೊಲೀಸರಿಗೆ ಫೋನ್ ಮಾಡ್ತಿದೀನಿ," ಎಂದರು ಮೇಡಂ.

ಹುಡುಗಿ ತುಟಿಯ ರಕ್ತ ಒರೆಸಿಕೊಂಡು ಎದ್ದಳು. "ನಾನು ಬರಲ್ಲ, ಅಣ್ಣಾ."

ಬಡಿತ ನಿಂತಿತು. ಅವನ ದನಿ ತಗ್ಗಿತು. "ಅಮ್ಮನಿಗೆ ಏನಂತ ಹೇಳ್ಲಿ?"

"ಬದುಕಿದಾಳೆ ಅಂತ ಹೇಳು."

ಮತ್ತೆ ಶುರುವಾಯಿತು ಬಡಿತ, ಈಗ ಬೂಟುಗಾಲಿನಿಂದ. ಚಿಲಕ ಸಡಿಲವಾಯಿತು. ಅವಳು ಮಂಚಕ್ಕೆ ಹೆಗಲು ಕೊಟ್ಟು ಬಾಗಿಲಿನವರೆಗೆ ತಳ್ಳಿದಳು. ಕುತ್ತಿಗೆ ಚುಳ್ಳೆಂದಿತು. ಒಂದೊಂದು ಒದೆತಕ್ಕೂ ಮಂಚ ಕೂದಲೆಳೆಯಷ್ಟು ಸರಿಯುತ್ತಿತ್ತು. ಅವಳು ನೆಲಕ್ಕೆ ಕಾಲೂರಿ ಅದನ್ನು ತಿರುಗಿ ಬಾಗಿಲಿಗೆ ಒತ್ತುತ್ತಿದ್ದಳು.